ಪಾಲಕರ ಸಹಿ

ಜನವರಿ 11

ನೋಂದಣಿ ಶಾಖೆಯ ಅಧಿಕಾರಿಗಳಿಗೆ,

ನಿಮ್ಮ ವಾರ್ಷಿಕ ಪ್ರಶ್ನಾವಳಿ ತಲುಪಿತು. ಹೋದ ವರ್ಷ ಇಪ್ಪತ್ತಮೂರು ಪ್ರಶ್ನೆಗಳಿದ್ದವು, ಈ ಸಲ ಮೂವತ್ತೊಂದಾಗಿವೆ. ನಾವು ಮಾಡುವುದು ಅಂಗೈಯಗಲದ ಒಂದು ಉಕ್ಕಿನ ಉಂಗುರ. ಅದು ಸೈನ್ಯದ ಯಾವ ಯಂತ್ರದ ಹೊಟ್ಟೆಗೆ ಹೋಗುತ್ತದೆಂದು ನಿಮ್ಮವರು ಹೇಳಿಲ್ಲ, ನಾನೂ ಕೇಳಿಲ್ಲ. ಅದರ ನಕ್ಷೆ ಇಟ್ಟಿರುವ ಕೋಣೆಯನ್ನು ಮಾತ್ರ ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ ವರ್ಷ ವರ್ಷವೂ ವಿಚಾರಿಸುತ್ತೀರಿ.

ಕೋಣೆ ಹತ್ತು ಅಡಿಗೆ ಎಂಟು ಅಡಿ. ಒಂದು ಬಾಗಿಲು, ಕಿಟಕಿಯಿಲ್ಲ. ಬೀಗದ ಕೈ ಒಂದೇ, ನನ್ನ ಕೊರಳಲ್ಲಿದೆ. ಬಾಗಿಲ ಮೇಲೆ, ಒಳಗೂ ಹೊರಗೂ ಕಾಣುವ ಹಾಗೆ ನೀವೇ ಹಾಕಿಸಿದ ಕ್ಯಾಮೆರಾ ಇದೆ. ಹೊಸ್ತಿಲ ಮುಂದೆ ನೆಲಕ್ಕೆ ಹಳದಿ ಗೆರೆ ಬಳಿದಿದೆ. ಒಳಗೆ ಯಾರು ಹೋದರು, ಯಾವಾಗ, ಯಾವ ಕಾರಣಕ್ಕೆ ಎಂದು ಬರೆಯುವ ಪುಸ್ತಕ ಬಾಗಿಲ ಹೊರಗೆ ತೂಗುತ್ತಿದೆ. ಹನ್ನೊಂದು ವರ್ಷದಿಂದ ಅದರಲ್ಲಿರುವುದು ನನ್ನೊಬ್ಬನ ಹೆಸರು. ನಕ್ಷೆಯನ್ನು ಮುಚ್ಚಿದ ಹಲಗೆಯಲ್ಲಿಟ್ಟು ನಾನೇ ಲೇತ್ ಹತ್ತಿರ ಒಯ್ಯುತ್ತೇನೆ, ಉಂಗುರ ಕಡೆಯುವ ಟರ್ನರ್ ನೋಡಿ ಮುಗಿಸುವ ತನಕ ಪಕ್ಕದಲ್ಲೇ ನಿಲ್ಲುತ್ತೇನೆ, ನಾನೇ ವಾಪಸ್ ತರುತ್ತೇನೆ. "ಯಜಮಾನ್ರೆ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅವನು ಕೇಳುವುದುಂಟು. "ನಂಬಿಕೆ ಇರೋದಕ್ಕೇ ನಿಂತಿದ್ದೀನಪ್ಪ, ಇಲ್ದಿದ್ರೆ ಕುರ್ಚಿ ಹಾಕ್ಕೊಂಡು ಕೂತ್ಕೋತಿದ್ದೆ" ಎನ್ನುತ್ತೇನೆ.

ಇಪ್ಪತ್ತೊಂಬತ್ತನೆಯ ಪ್ರಶ್ನೆ: ಪರದೇಶದಲ್ಲಿ ಹುಟ್ಟಿದವರು ಆವರಣದಲ್ಲಿ ಇದ್ದಾರೆಯೇ? ಇದ್ದಾಳೆ, ನನ್ನ ಸೊಸೆ. ಗಡಿಯಾಚೆ ಹುಟ್ಟಿದವಳು. ಮಗ ತೀರಿಕೊಂಡು ಆರು ವರ್ಷವಾಯಿತು; ಈ ವರ್ಕ್‌ಶಾಪಿನಲ್ಲಿ ಅವನ ಅರ್ಧ ಪಾಲು ಈಗ ಅವಳದು. ಪೌರತ್ವದ ಅರ್ಜಿ ಹಾಕಿದ್ದಾಳೆ, ಆಗಸ್ಟ್ ಹೊತ್ತಿಗೆ ತೀರ್ಮಾನವಂತೆ. ನನ್ನ ಕೈ ನಡುಗುವುದರಿಂದ ಈ ಪತ್ರದ ಅಕ್ಷರವೂ ಅವಳದೇ, ಸಹಿಯಷ್ಟೇ ನನ್ನದು. ನಾನು ಒಳಗೆ ಕೂತು ಹೇಳುತ್ತೇನೆ, ಅವಳು ಗೆರೆಯ ಆಚೆ ಸ್ಟೂಲಿನ ಮೇಲೆ ಕೂತು ಬರೆಯುತ್ತಾಳೆ. ಅವಳ ಹೆಬ್ಬೆರಳೂ ಗೆರೆಗೆ ತಾಕಿದ್ದಿಲ್ಲ. ಈ ಮಾತನ್ನೂ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಾಳೆ ನೋಡಿ.

ಇತಿ,
ದಾಖಲೆ ಪಾಲಕ

ಜನವರಿ 24

ದಾಖಲೆ ಪಾಲಕರಿಗೆ,

ತಮ್ಮ ಉತ್ತರಗಳು ಕ್ರಮಬದ್ಧವಾಗಿವೆ. ಮೂವತ್ತೊಂದನೆಯ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ: ತಮ್ಮ ನಂತರ ಪಾಲಕರು ಯಾರು?

ನಿಯಮ ತಮಗೆ ಗೊತ್ತಿರುವುದೇ. ಪಾಲಕರು ಸಂಸ್ಥೆಯ ಮಾಲೀಕರೋ ಪಾಲುದಾರರೋ ಆಗಿರಬೇಕು, ಈ ದೇಶದ ಪ್ರಜೆಯಾಗಿರಬೇಕು. ಪಾಲಕರ ಸ್ಥಾನ ತೆರವಾದ ದಿನವೇ ಅನುಮತಿ ರದ್ದಾಗುತ್ತದೆ, ನಕ್ಷೆಗಳನ್ನು ಹಿಂಪಡೆಯಲಾಗುತ್ತದೆ, ಕೆಲಸ ಬೇರೆಯವರಿಗೆ ಹೋಗುತ್ತದೆ. ಅನುಮತಿಗೆ ಸಂಬಂಧಿಸಿದ ಪ್ರತಿ ಪತ್ರಕ್ಕೂ ಪಾಲಕರ ಸಹಿ ಇರಬೇಕು. ಬೇರೆಯವರು ಬರೆದ ಪತ್ರಗಳ ಮೇಲೆ ಈ ಶಾಖೆ ಕ್ರಮ ಕೈಗೊಳ್ಳುವುದಿಲ್ಲ.

ಬಾಡಿಗೆ ಮನೆಯ ಮಾತನ್ನು ಬಾಗಿಲು ಹಾಕಿಕೊಂಡು ಎರಡನೆಯ ಸಲ ಓದಿದೆ. ಈ ಶಾಖೆಯಲ್ಲಿ ನಗುವ ರೂಢಿ ಇಲ್ಲ.

ಶಾಖಾಧಿಕಾರಿ

ಫೆಬ್ರವರಿ 19

ಮಾನ್ಯರೆ,

ನಾನು ಪಾಲಕರ ಸೊಸೆ. ನನ್ನ ಹೆಸರಿನಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಮಾವನವರು ಫೆಬ್ರವರಿ ಹದಿಮೂರರಂದು, ಗುರುವಾರ ಬೆಳಿಗ್ಗೆ ತೀರಿಕೊಂಡರು. ಕೋಣೆಯೊಳಗೆ ಇದ್ದಾಗ ಎದೆ ನೋವು ಬಂದು ಕುಸಿದರು. ನಾನು ಆಗ ಹೊರಗಿದ್ದೆ. ಟರ್ನರ್ ಬಂದು ಎತ್ತಿಕೊಂಡು ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲೇ ಜೀವ ಹೋಗಿತ್ತು.

ಕೋಣೆಗೆ ಟರ್ನರ್ ಅವರೇ ಬೀಗ ಹಾಕಿದರು. ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಅದರ ಮೇಲೆ ನಾವಿಬ್ಬರೂ ಸಹಿ ಮಾಡಿದ್ದೇವೆ. ಆಮೇಲೆ ಯಾರೂ ತೆರೆದಿಲ್ಲ. ಮರಣ ಪ್ರಮಾಣಪತ್ರ ಕೈಗೆ ಬರಲು ಮೂರು ವಾರವಾಗುತ್ತದಂತೆ, ಬಂದ ಕೂಡಲೇ ಕಳಿಸುತ್ತೇನೆ.

ನನಗೆ ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ನನ್ನ ಪೌರತ್ವ ಆಗಸ್ಟಿನಲ್ಲಿ ಆಗಬಹುದು. ಅದು ಆದ ಮೇಲೆ ನಾನೇ ಪಾಲಕಳಾಗಬಹುದು. ಅಲ್ಲಿಯತನಕ ಅನುಮತಿಯನ್ನು ರದ್ದು ಮಾಡದೆ ತಡೆಹಿಡಿಯಲು ದಾರಿ ಇದೆಯೇ? ಇಲ್ಲಿ ಮೂವರು ಕೆಲಸಗಾರರು ಇದ್ದಾರೆ. ನಾವು ಬೇರೆ ಕೆಲಸ ಹಿಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈ ಉಂಗುರ ಹೋದರೆ ವರ್ಕ್‌ಶಾಪ್ ಮುಚ್ಚಬೇಕು, ನಾನು ಎಲ್ಲಿಯವಳೂ ಅಲ್ಲದವಳಾಗುತ್ತೇನೆ.

ಇತಿ,
ಸೊಸೆ

ಮಾರ್ಚ್ 6

ದಾಖಲೆ ಪಾಲಕರಿಗೆ,

ತಾವು ತೀರಿಕೊಂಡಿರುವುದಾಗಿ ಒಂದು ಪತ್ರ ಬಂದಿದೆ. ಬರೆದವರು ತಮ್ಮ ಸೊಸೆ ಎಂದು ಹೇಳಿಕೊಂಡಿದ್ದಾರೆ. ಅವರ ಹೆಸರು ನಮ್ಮ ಪಟ್ಟಿಯಲ್ಲಿಲ್ಲ. ಪತ್ರದ ಜೊತೆ ಯಾವ ದಾಖಲೆಯೂ ಇಲ್ಲ. ಅಕ್ಷರ ತಮ್ಮ ಪತ್ರಗಳನ್ನು ಬರೆದುಕೊಡುವವರದ್ದೇ ಆಗಿದ್ದೂ ತಮ್ಮ ಸಹಿ ಇಲ್ಲದಿರುವುದರಿಂದ ನನಗೆ ಗಲಿಬಿಲಿಯಾಗಿದೆ.

ಪರದೇಶದಲ್ಲಿ ಹುಟ್ಟಿದ, ಸಂಸ್ಥೆಯಲ್ಲಿ ಪಾಲಿರುವ ಒಬ್ಬರು ಪಾಲಕರು ಸತ್ತರೆಂದು ಬರೆದು, ಅದೇ ಉಸಿರಿನಲ್ಲಿ ಆ ಸ್ಥಾನ ತನಗೆ ಬೇಕೆಂದು ಕೇಳಿದರೆ ಈ ಶಾಖೆ ಏನೆಂದುಕೊಳ್ಳಬೇಕು ಎಂಬುದು ತಮಗೆ ಅರ್ಥವಾದೀತು. ನಾನು ಆ ಪತ್ರವನ್ನು ಪಕ್ಕಕ್ಕಿಟ್ಟಿದ್ದೇನೆ. ವಾಸ್ತವ ಸ್ಥಿತಿಯನ್ನು ತಮ್ಮ ಸಹಿಯೊಡನೆ ಹದಿನೈದು ದಿನದೊಳಗೆ ತಿಳಿಸಿ.

ಶಾಖಾಧಿಕಾರಿ

ಮಾರ್ಚ್ 15
(ಅಂಚೆಗೆ ಹಾಕದ ಹಾಳೆ)

ಮಾನ್ಯರೆ,

ನಿಮ್ಮ ಪತ್ರವನ್ನು ಟರ್ನರ್‌ಗೆ ಓದಿ ಹೇಳಿದೆ. ಅವರು ಕೈ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತರು. "ಸತ್ತೋರ ಹತ್ರ ಸಹಿ ಕೇಳ್ತಾ ಇದಾರಲ್ಲಮ್ಮ" ಎಂದರು. ನಗು ಬಂತು ನನಗೆ. ಮಾವ ಹೋದ ಮೇಲೆ ಮೊದಲ ಸಲ ನಕ್ಕದ್ದು. ನಕ್ಕು ಮುಗಿದ ಮೇಲೆ ಹೆದರಿಕೆಯಾಯಿತು.

ಮರಣ ಪ್ರಮಾಣಪತ್ರ ನಿನ್ನೆ ಬಂದಿದೆ. ಮೇಜಿನ ಮೇಲೆ ಒಂದು ಕಡೆ ಅದು, ಇನ್ನೊಂದು ಕಡೆ ನಿಮ್ಮ ಪತ್ರ. ಪ್ರಮಾಣಪತ್ರ ಕಳಿಸಿದರೆ ಆ ದಿನವೇ ಎಲ್ಲವೂ ರದ್ದು. ಕಳಿಸದಿದ್ದರೆ ಆಗಸ್ಟ್ ತನಕ ಐದು ತಿಂಗಳು. ಐದು ತಿಂಗಳು ಅವರು ಬದುಕಿದ್ದರೆ ಸಾಕು.

ಬೆಳಿಗ್ಗೆ ಎಂಟಕ್ಕೆ ಅಭ್ಯಾಸಬಲದಿಂದ ಸ್ಟೂಲಿನ ಮೇಲೆ ಹೋಗಿ ಕೂತೆ. ಎದುರಿಗೆ ಮುಚ್ಚಿದ ಬಾಗಿಲು. ಹಾಳೆಯ ಮೇಲೆ ಪೆನ್ನಿಟ್ಟ ಕೂಡಲೇ ಒಳಗೆ ಅವರು ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು. ಹೇಳಲು ಶುರುಮಾಡುವ ಮೊದಲು ಅವರು ಹಾಗೆ ಮಾಡುತ್ತಿದ್ದರು. ನಾನು ಎದ್ದು ಬರಲಿಲ್ಲ, ಬರೆದುಕೊಂಡೆ.

ಮಾರ್ಚ್ 16

ಶಾಖಾಧಿಕಾರಿಗಳಿಗೆ,

ನಾನು ಬದುಕಿದ್ದೇನೆ. ಸತ್ತಿದ್ದರೆ ನಿಮ್ಮ ಮೂವತ್ತೊಂದು ಪ್ರಶ್ನೆಗಳಿಂದಲಾದರೂ ಬಿಡುಗಡೆ ಸಿಗುತ್ತಿತ್ತು, ಆ ಅದೃಷ್ಟ ಇನ್ನೂ ಬಂದಿಲ್ಲ.

ಹೋದ ತಿಂಗಳು ಕೋಣೆಯಲ್ಲಿ ಬಿದ್ದದ್ದು ನಿಜ. ಟರ್ನರ್ ಎತ್ತಿಕೊಂಡು ಹೋದದ್ದೂ ನಿಜ. ಸೊಸೆ ಹೆದರಿಕೊಂಡು ಆತುರದಲ್ಲಿ ಹಾಗೆ ಬರೆದಳು. ಅವಳ ತಪ್ಪನ್ನು ದೊಡ್ಡದು ಮಾಡಬೇಡಿ. ಮೂವತ್ತೊಂದನೆಯ ಪ್ರಶ್ನೆಗೆ ಉತ್ತರ ಆಗಸ್ಟಿನಲ್ಲಿ ಕೊಡುತ್ತೇನೆ.

ಇತಿ,
ದಾಖಲೆ ಪಾಲಕ

ಏಪ್ರಿಲ್ 2

ದಾಖಲೆ ಪಾಲಕರಿಗೆ,

ತಮ್ಮ ಪತ್ರ ಕಂಡು ನೆಮ್ಮದಿಯಾಯಿತು. ಕಚೇರಿ ಪತ್ರದಲ್ಲಿ ಬರೆಯುವ ಮಾತಲ್ಲವಾದರೂ ಹೇಳಿಬಿಡುತ್ತೇನೆ: ಸಾವಿನ ಸುದ್ದಿ ಬಂದ ದಿನ ನಾನು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಮೂವತ್ತೆರಡು ವರ್ಷದ ಸೇವೆಯಲ್ಲಿ ನನ್ನನ್ನು ಕಾಗದದ ಮೇಲೆ ಕಿಚಾಯಿಸಿದವರು ತಾವೊಬ್ಬರೇ. ಈ ಸೆಪ್ಟೆಂಬರಿಗೆ ನಿವೃತ್ತನಾಗುತ್ತೇನೆ. ತಮ್ಮ ಮುಖವನ್ನೇ ನೋಡದೆ ಹೋಗುತ್ತೇನೆಂದು ಬೇಸರವಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಬದುಕಿರುವವರನ್ನು ಸತ್ತರೆಂದು ಬರೆಯುವುದು ಸಣ್ಣ ತಪ್ಪಲ್ಲ. ತಮ್ಮ ಸೊಸೆಯ ವಿಷಯದಲ್ಲಿ ಎಚ್ಚರವಾಗಿರಿ. ಬೀಗದ ಕೈ ಕೊರಳಿಂದ ತೆಗೆಯಬೇಡಿ. ಪೌರತ್ವದ ಕಚೇರಿಯವರು ಆಕೆಯ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದ್ದಾರೆ. ನಾನು ಆಕೆಯನ್ನು ಕಂಡವನಲ್ಲ, ತಾವು ಕಂಡವರು. ಇದರೊಡನೆ ಇಟ್ಟಿರುವ ನಮೂನೆಯಲ್ಲಿ "ಈ ವ್ಯಕ್ತಿ ನಂಬಲರ್ಹರೇ?" ಎಂಬ ಕಾಲಂ ಇದೆ. ಅದನ್ನು ತುಂಬಿ ಕಳಿಸಿ. ತಾವು ಏನು ಬರೆಯುತ್ತೀರೋ ಅದನ್ನೇ ನಾನು ಮುಂದಕ್ಕೆ ಕಳಿಸುತ್ತೇನೆ.

ಶಾಖಾಧಿಕಾರಿ

ಏಪ್ರಿಲ್ 19
(ಅಂಚೆಗೆ ಹಾಕದ ಹಾಳೆ)

ಮಾನ್ಯರೆ,

ನಮೂನೆ ಹದಿನೈದು ದಿನದಿಂದ ನನ್ನ ಮುಂದಿದೆ. "ನಂಬಲರ್ಹಳು" ಎಂದು ಒಂದು ಪದ ಬರೆದು ಮಾವನ ಸಹಿ ಹಾಕಿದರೆ ನನ್ನ ದಾರಿ ಸುಗಮ. ಅವರ ಸಹಿ ಮಾಡಲು ಈಗ ನಾನು ಕಷ್ಟಪಡಬೇಕಾಗಿಲ್ಲ. ಪೆನ್ನು ಹಿಡಿದರೆ ಕೈ ತಾನಾಗಿ ನಡುಗುತ್ತದೆ.

ಹೋದ ಪತ್ರದಲ್ಲಿ ಸತ್ತಿದ್ದರೆ ಬಿಡುಗಡೆ ಸಿಗುತ್ತಿತ್ತು ಎಂದು ಬರೆದೆನಲ್ಲ, ಅದು ನನ್ನ ಮಾತಲ್ಲ. ನನಗೆ ಹಾಗೆ ತಮಾಷೆ ಮಾಡಲು ಬರುವುದಿಲ್ಲ. ಅವರೇ ಹೇಳಿದರು, ನಾನು ಬರೆದೆ. ಆದರೆ ಈ ಕಾಲಮಿಗೆ ಬಂದಾಗ ಅವರು ಮಾತಾಡುವುದಿಲ್ಲ. ಸ್ಟೂಲಿನ ಮೇಲೆ ಕೂತು ಕಿವಿ ನಿಮಿರಿಸಿ ಕಾಯುತ್ತೇನೆ. ಒಳಗೆ ಕುರ್ಚಿ ಕಿರುಗುಟ್ಟುವುದೂ ಕೇಳಿಸುತ್ತದೆ, ಆದರೆ ಮಾತಿಲ್ಲ.

ನನ್ನ ಬಗ್ಗೆ ಅವರಿಗೆ ಏನನ್ನಿಸುತ್ತಿತ್ತೋ ನನಗೆ ಗೊತ್ತಿಲ್ಲ. ಗಂಡ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. "ಊಟ ಆಯ್ತಾ", "ಕೊಡೆ ತಗೊಂಡ್ಹೋಗು", "ಬರ್ಕೋ". ಆರು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಆಡಿದ್ದು ನೆನಪಿಲ್ಲ. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸಲು ನನಗೆ ಆಗುತ್ತಿಲ್ಲ. ಇಷ್ಟೆಲ್ಲ ಸುಳ್ಳು ಹೇಳಿದವಳಿಗೆ ಈ ಒಂದು ಸುಳ್ಳು ಯಾಕೆ ಗಂಟಲಲ್ಲಿ ಸಿಕ್ಕಿಕೊಂಡಿದೆಯೋ ತಿಳಿಯದು.

ಏಪ್ರಿಲ್ 20

ಶಾಖಾಧಿಕಾರಿಗಳಿಗೆ,

ನಮೂನೆ ವಾಪಸ್ ಕಳಿಸಿದ್ದೇನೆ. ನೀವು ಕೇಳಿದ ಕಾಲಂ ಖಾಲಿ ಬಿಟ್ಟಿದ್ದೇನೆ. ಸೊಸೆಯ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ತೀರ್ಮಾನ ನೀವು ಮಾಡಿ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಂದು ಕೂರುತ್ತಾಳೆ. ಗೆರೆ ದಾಟಿಲ್ಲ.

ನಿವೃತ್ತಿಯ ಸುದ್ದಿ ಓದಿದೆ. ಆಮೇಲೆ ಯಾರಿಗೆ ಪ್ರಶ್ನೆ ಕೇಳುತ್ತೀರಿ? ಮನೆಯವರಿಗೆ ಕೇಳಲು ಹೋಗಬೇಡಿ, ಅವರು ತಿರುಗಿ ಕೇಳುತ್ತಾರೆ. ಮುಖ ನೋಡಲಿಲ್ಲವೆಂದು ಬೇಸರ ಬೇಡ, ನೋಡುವಂಥದ್ದೇನೂ ಅದರಲ್ಲಿ ಉಳಿದಿಲ್ಲ.

ಇತಿ,
ದಾಖಲೆ ಪಾಲಕ

ಜೂನ್ 28

ದಾಖಲೆ ಪಾಲಕರಿಗೆ,

ತಮ್ಮ ಉತ್ತರ ಬಂದು ಎರಡು ತಿಂಗಳಾಯಿತು. ನಾನು ಬರೆಯದೆ ಇದ್ದದ್ದಕ್ಕೆ ಕಾರಣವಿದೆ.

ಪ್ರವೇಶ ಪುಸ್ತಕದ ಪ್ರತಿಯನ್ನು ತಾವು ಕ್ರಮವಾಗಿ ಕಳಿಸಿದ್ದೀರಿ. ಫೆಬ್ರವರಿ ಹದಿಮೂರರ ಬೆಳಿಗ್ಗೆ ತಮ್ಮ ಹೆಸರಿದೆ. ಆಮೇಲೆ ಪುಟಗಳು ಖಾಲಿ. ನಾಲ್ಕು ತಿಂಗಳು ಯಾರೂ ಕೋಣೆಯೊಳಗೆ ಹೋಗಿಲ್ಲ, ಯಾವ ನಕ್ಷೆಯೂ ಹೊರಗೆ ಬಂದಿಲ್ಲ. ಇದೇ ನಾಲ್ಕು ತಿಂಗಳಲ್ಲಿ ತಮ್ಮಲ್ಲಿಂದ ಎರಡು ಕಂತು ಉಂಗುರಗಳು ಬಂದಿವೆ. ಒಂದೂ ತಿರಸ್ಕೃತವಾಗಿಲ್ಲ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ನಕ್ಷೆ ನೋಡದೆ ಅವನ್ನು ಹೇಗೆ ಮಾಡಿದಿರಿ?

ನನಗೆ ಹೊಳೆಯುವುದು ಒಂದೇ. ನಕ್ಷೆಯ ಇನ್ನೊಂದು ಪ್ರತಿ ಹೊರಗೆ ಎಲ್ಲೋ ಇದೆ. ತಮಗೆ ತಿಳಿದು ಇದೆಯೋ ತಿಳಿಯದೆ ಇದೆಯೋ ಎಂಬುದು ಪ್ರಶ್ನೆ. ತಮ್ಮ ಸೊಸೆಯ ಮೇಲಿನ ನನ್ನ ಅನುಮಾನವನ್ನು ಮುಚ್ಚಿಡುವುದಿಲ್ಲ. ಆಗಸ್ಟ್ ನಾಲ್ಕರಂದು ತಪಾಸಣೆಯವರು ಬಂದು, ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ಸಂಗ್ರಹವಾಗಿರುವ ಇಡೀ ವರ್ಷದ ದೃಶ್ಯಗಳನ್ನು ತೆಗೆದುಕೊಂಡು ಬರುತ್ತಾರೆ. ಅದಕ್ಕೆ ಮೊದಲು ತಾವೇ ಹೇಳುವುದಿದ್ದರೆ ನನಗೆ ಹೇಳಿ.

ಶಾಖಾಧಿಕಾರಿ

ಜುಲೈ 9

ಮಾನ್ಯರೆ,

ಇದನ್ನು ಬರೆಯುತ್ತಿರುವುದು ಸೊಸೆ. ಬರೆದದ್ದೂ ಹೇಳಿದ್ದೂ ನಾನೇ, ಸಹಿಯೂ ನನ್ನದೇ. ಮರಣ ಪ್ರಮಾಣಪತ್ರ ಜೊತೆಗಿದೆ. ಮಾವನವರು ನಾನು ಮೊದಲೇ ತಿಳಿಸಿದ ದಿನವೇ ತೀರಿಕೊಂಡರು. ಮಾರ್ಚ್ ಹದಿನಾರು ಮತ್ತು ಏಪ್ರಿಲ್ ಇಪ್ಪತ್ತರ ಪತ್ರಗಳು ನನ್ನ ಮೋಸ. ಅವರ ಸಾವಿಗೆ ನೀವು ಊಟ ಬಿಟ್ಟಿರೆಂದು ಓದಿ, ಗೊತ್ತಿದ್ದೂ ನಿಮಗೆ ತಮಾಷೆಯ ಉತ್ತರ ಕಳಿಸಿದೆ. ಅದಕ್ಕಾಗಿ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗಿದೆ.

ನಕ್ಷೆಯ ಪ್ರತಿ ಎಲ್ಲಿದೆ ಎಂದು ಕೇಳಿದಿರಿ. ಅದು ನನ್ನ ತಲೆಯಲ್ಲಿದೆ. ಕಣ್ಣು ಮಂದವಾದ ಮೇಲೆ ಮಾವ ದಿನಾ ಬೆಳಿಗ್ಗೆ ಕೋಣೆಯೊಳಗೆ ಕೂತು ನಕ್ಷೆಯ ಅಳತೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಒಂದು ಅಂಕಿ ತಪ್ಪಿದರೂ ಉಂಗುರ ಗುಜರಿಗೆ ಹೋಗುತ್ತದೆಂಬ ಭಯಕ್ಕೆ. ನಾನು ಗೆರೆಯಾಚೆ ಕೂತು ತಪ್ಪು ಹಿಡಿಯಬೇಕು. "ಮಾವ, ನಿನ್ನೆ ನಾಲ್ಕು ಐದು ಅಂದಿದ್ರಿ" ಎಂದರೆ ಭೂತಗನ್ನಡಿ ಹಿಡಿದು ಮತ್ತೆ ನೋಡಿ "ಹೌದು, ನಾಲ್ಕು ಐದೇ" ಎನ್ನುತ್ತಿದ್ದರು. ನಕ್ಷೆಯನ್ನು ನಾನು ಒಂದು ದಿನವೂ ಕಂಡಿಲ್ಲ. ಕೇಳುವುದೂ ನೋಡಿದಷ್ಟೇ ತಪ್ಪೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಷ್ಟು ನಿಯಮ ನಿಯಮ ಎನ್ನುತ್ತಿದ್ದವರು ಇಡೀ ನಕ್ಷೆಯನ್ನು ದಿನವೂ ನನ್ನ ಕಿವಿಗೆ ಹಾಕುತ್ತಿದ್ದರು.

ಅವರು ಹೋದ ಮೇಲೂ ಎಂಟು ಗಂಟೆಗೆ ಆ ಓದು ನಿಂತಿಲ್ಲ. ಇಪ್ಪತ್ತೆರಡು ಪಾಯಿಂಟ್ ನಾಲ್ಕು ಐದು. ಒಳಗಿನ ಅಂಚು ಮೂವತ್ತು ಡಿಗ್ರಿ. ನಾನು ಕೇಳಿಸಿಕೊಂಡು ಟರ್ನರ್‌ಗೆ ಹೇಳಿದೆ, ಅವರು ಕಡೆದರು. ಉಂಗುರಗಳು ಸರಿ ಬಂದದ್ದು ಹೀಗೆ. ಟರ್ನರ್ ಮೊದಮೊದಲು "ನಿಮಗೆ ಹೇಗ್ ಗೊತ್ತಮ್ಮ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ಆ ಬಾಗಿಲ ಮುಂದೆ ಹಾದುಹೋಗುವುದನ್ನೇ ಬಿಟ್ಟಿದ್ದಾರೆ. ಪ್ರವೇಶ ಪುಸ್ತಕದಲ್ಲಿ ಸುಳ್ಳು ನಮೂದು ಮಾಡಬಹುದಿತ್ತು. ಪತ್ರದಲ್ಲಿ ಸುಳ್ಳು ಹೇಳಿದೆ, ಆ ಪುಸ್ತಕದಲ್ಲಿ ಬರೆಯಲು ಮನಸ್ಸು ಬರಲಿಲ್ಲ.

ಕ್ಯಾಮೆರಾದಲ್ಲಿ ನೀವು ನೋಡುವ ಮೊದಲು ನಾನೇ ಹೇಳಬೇಕಾದದ್ದು ಇನ್ನೊಂದಿದೆ. ಮೊದಲ ಪತ್ರದಲ್ಲಿ "ನಾನು ಆಗ ಹೊರಗಿದ್ದೆ" ಎಂದು ಬರೆದಿದ್ದೆ. ಹೊರಗೆ ಎಂದರೆ ಗೆರೆಯ ಹೊರಗೆ, ಅವರಿಂದ ಆರು ಅಡಿ ದೂರ. ಅವರು ಓದುತ್ತಾ ಓದುತ್ತಾ ನಿಲ್ಲಿಸಿದರು. ಕುರ್ಚಿಯಿಂದ ಜಾರಿ ಕಪಾಟಿಗೆ ಒರಗಿ ಕೂತರು. ನನ್ನನ್ನು ನೋಡಿದರು. ಬಲಗೈ ಎತ್ತಿದರು. ಬೇಡ, ಒಳಗೆ ಬರಬೇಡ ಎಂದು ಕೈ ತೋರಿಸುತ್ತಿದ್ದಾರೆ ಎಂದುಕೊಂಡೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಟರ್ನರ್ ಮತ್ತು ಇಬ್ಬರು ಕೆಲಸಗಾರರು ಪಕ್ಕದ ಬೀದಿಯಲ್ಲಿ ಲಾರಿಯಿಂದ ಉಕ್ಕಿನ ಸರಳು ಇಳಿಸುತ್ತಿದ್ದರು. ಕೂಗಲು ಬಾಯಿ ಬರಲಿಲ್ಲ. ಫೋನು ಮುಂದಿನ ಕೋಣೆಯಲ್ಲಿತ್ತು, ಹೋಗಿ ತರಬಹುದಿತ್ತು. ತರಲಿಲ್ಲ. ಗೆರೆ ದಾಟಬಹುದಿತ್ತು. ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಆ ಹೊತ್ತಿಗೆ ನನಗೆ ನೆನಪಾದದ್ದು ನನ್ನ ಅರ್ಜಿ. ಕಾಲು ಒಳಗಿಟ್ಟರೆ ಪೌರತ್ವ ಹೋಯಿತು ಎನ್ನಿಸಿತು. ಅವರು ಸಾಯುತ್ತಿದ್ದರು, ನಾನು ನನ್ನ ಕಾಗದಪತ್ರದ ಬಗ್ಗೆ ಯೋಚಿಸುತ್ತಿದ್ದೆ.

ಟರ್ನರ್ ಬರುವ ತನಕ ಐದು ನಿಮಿಷ ಆಗಿರಬಹುದು. ಹತ್ತು ನಿಮಿಷ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಅವರಿಗೆ ಹೇಳಿದರಂತೆ. ಐದು ನಿಮಿಷವಲ್ಲವೇ, ನಾನು ಒಳಗೆ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ದಿನವೂ ಹೇಳಿಕೊಳ್ಳುತ್ತೇನೆ. ಆ ಒಂದು ಸಮಾಧಾನದ ಮೇಲೆ ನಾನು ಇಲ್ಲಿಯತನಕ ಎದ್ದು ಓಡಾಡಿಕೊಂಡಿದ್ದೇನೆ.

ಏನು ಶಿಕ್ಷೆಯೋ ಕೊಡಿ. ಟರ್ನರ್‌ದು ತಪ್ಪಿಲ್ಲ.

ಇತಿ,
ಸೊಸೆ

ಸೆಪ್ಟೆಂಬರ್ 30

ಮಾನ್ಯರೆ,

ತಮ್ಮ ಪತ್ರ ಬಂದು ಸುಮಾರು ಮೂರು ತಿಂಗಳಾಯಿತು. ಇಂದು ನನ್ನ ಸೇವೆಯ ಕೊನೆಯ ದಿನ. ಮೇಜು ಖಾಲಿ ಮಾಡುವ ಮೊದಲು ತಮ್ಮ ಕಡತ ಮುಗಿಸಬೇಕೆಂದು ಕೂತಿದ್ದೇನೆ.

ಪಾಲಕರ ಮರಣವನ್ನು ತಾವು ಫೆಬ್ರವರಿ ಹತ್ತೊಂಬತ್ತರಂದೇ ತಿಳಿಸಿದ್ದಿರಿ. ಅದನ್ನು ಪಕ್ಕಕ್ಕಿಟ್ಟದ್ದು ನಾನು. ನಿಜ ಹೇಳಿದವರನ್ನು ನಂಬದೆ, ಇಲ್ಲದವರ ಜೊತೆ ಈ ಶಾಖೆ ಪತ್ರ ವ್ಯವಹಾರ ನಡೆಸಿತು. ಇದು ಹೊರಗೆ ಬಂದರೆ ನನಗೂ ಶಾಖೆಗೂ ತಲೆ ಎತ್ತುವ ಹಾಗಿಲ್ಲ. ಆದ್ದರಿಂದ ಕಡತದಲ್ಲಿ ತಮ್ಮ ಮೊದಲ ಪತ್ರ ಮತ್ತು ಮರಣ ಪ್ರಮಾಣಪತ್ರ ಮಾತ್ರ ಇವೆ. ನಡುವಿನ ಎರಡು ಪತ್ರಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ನನಗೆ ತುಂಬ ಇಷ್ಟವಾದ ಪತ್ರ ಏಪ್ರಿಲ್ ಇಪ್ಪತ್ತರದು ಎಂಬುದನ್ನು ಹೇಳದೆ ಇರಲಾರೆ. ಅಳತೆಗಳ ಓದಿನ ವಿಷಯ ಬರೆದ ಪುಟ ನನಗೆ ತಲುಪಿಲ್ಲವೆಂದು ತಿಳಿಯಿರಿ.

ಕ್ಯಾಮೆರಾದ ದೃಶ್ಯವನ್ನು ನೋಡಿದೆ. ಪಾಲಕರ ಮುಖವನ್ನು ನಾನು ಕಂಡದ್ದು ಅದೇ ಮೊದಲು. ಕೊನೆಯ ಗಳಿಗೆಯಲ್ಲೂ ಅವರು ಕೈ ಎತ್ತಿ ತಮ್ಮನ್ನು ತಡೆದದ್ದು ಸ್ಪಷ್ಟವಾಗಿದೆ. ತಾವು ಐದು ನಿಮಿಷ ಎಂದು ಬರೆದಿದ್ದೀರಿ, ಅದು ತಮ್ಮ ವಿನಯ. ಗಡಿಯಾರ ಹಿಡಿದು ನೋಡಿದೆ, ಹದಿನಾಲ್ಕು ನಿಮಿಷ. ಹದಿನಾಲ್ಕು ನಿಮಿಷವೂ ತಮ್ಮ ಪಾದ ಗೆರೆಯ ಆಚೆಯೇ ಇತ್ತು. ಸ್ವಂತ ಮನೆಯವರು ಎದುರಿಗೆ ಪ್ರಾಣ ಬಿಡುತ್ತಿದ್ದರೂ ನಿಯಮ ಮೀರದ ಇನ್ನೊಬ್ಬರನ್ನು ನನ್ನ ಸೇವೆಯಲ್ಲಿ ಕಂಡಿಲ್ಲ. ತಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ನನ್ನನ್ನು ಕ್ಷಮಿಸಿ.

ತಾವು ಮೊದಲ ಪತ್ರದಲ್ಲಿ ಕೇಳಿದಂತೆ ಅನುಮತಿಯನ್ನು ರದ್ದು ಮಾಡದೆ ಉಳಿಸಿದ್ದೇನೆ; ಆಗಸ್ಟ್ ಇಪ್ಪತ್ತೊಂದರಂದು ತಮಗೆ ಪೌರತ್ವ ದೊರೆತಿರುವುದರಿಂದ ಅಡ್ಡಿಯೇನೂ ಇಲ್ಲ. ತಮ್ಮನ್ನು ದಾಖಲೆ ಪಾಲಕರನ್ನಾಗಿ ನೋಂದಾಯಿಸಲಾಗಿದೆ. ಪ್ರಮಾಣಪತ್ರ ಜೊತೆಗಿದೆ. ಅದರಲ್ಲಿ ಕಾರಣವನ್ನು ನಾನೇ ಬರೆದಿದ್ದೇನೆ: "ಪ್ರಾಣಾಪಾಯದ ಸಂದರ್ಭದಲ್ಲಿಯೂ ಗೆರೆಯನ್ನು ದಾಟದ ಕಾರಣ ಇವರು ನಂಬಲರ್ಹರು." ಗೋಡೆಯ ಮೇಲೆ ಕಾಣುವ ಹಾಗೆ ತೂಗುಹಾಕಬೇಕೆಂಬುದು ನಿಯಮ.

ಶಾಖಾಧಿಕಾರಿ

ಅಕ್ಟೋಬರ್ 8

ಶಾಖಾಧಿಕಾರಿಗಳಿಗೆ,

ನಿಮ್ಮ ಜಾಗಕ್ಕೆ ಬಂದವರು ಇದನ್ನು ನಿಮಗೆ ತಲುಪಿಸುತ್ತಾರೆಂದು ನಂಬಿದ್ದೇನೆ.

ಹದಿನಾಲ್ಕು ನಿಮಿಷ ಎಂದು ನೀವು ಬರೆದ ಸಾಲನ್ನು ಓದಿದ ಮೇಲೆ ಎರಡು ದಿನ ನಾನು ವರ್ಕ್‌ಶಾಪಿಗೆ ಇಳಿಯಲಿಲ್ಲ. ಟರ್ನರ್ ಮೇಲೆ ಬಂದು ಬಾಗಿಲು ತಟ್ಟಿ "ಅಮ್ಮ, ಏನಾದ್ರೂ ತಿಂದ್ರಾ?" ಎಂದು ಕೇಳಿದರು. ಅವರಿಗೆ ನಿಮ್ಮ ಪತ್ರ ಕೊಟ್ಟೆ. ಓದಿ ಮಡಿಸಿ ವಾಪಸ್ ಕೊಟ್ಟರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಅನ್ನಿಸುತ್ತದೆ. ಲಾರಿಯ ಹತ್ತಿರ ತಾವು ಎಷ್ಟು ಹೊತ್ತು ಇದ್ದೆವೆಂದು ಅವರಿಗೆ ತಿಳಿಯದೇ?

ಇವತ್ತು ಬೆಳಿಗ್ಗೆ ಲಕೋಟೆ ಒಡೆದು ಬಾಗಿಲು ತೆರೆದೆ. ಪಾಲಕಳಾದ್ದರಿಂದ ತಪ್ಪಿಲ್ಲ. ಗೆರೆ ದಾಟುವುದು ಎಷ್ಟು ಸುಲಭವೆಂದರೆ, ಒಂದು ಹೆಜ್ಜೆಯೂ ಪೂರ್ತಿ ಬೇಕಾಗಲಿಲ್ಲ. ಒಳಗೆ ಅವರ ಕನ್ನಡಕ ನೆಲದ ಮೇಲೆ ಹಾಗೇ ಇತ್ತು. ಅವರು ಕೂತಿದ್ದ ಜಾಗದಲ್ಲಿ ಕಪಾಟಿಗೆ ಒರಗಿ ಕೂತೆ. ಅಲ್ಲಿಂದ ನಾನು ನಿಂತಿದ್ದ ಜಾಗ ಪೂರ್ತಿ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಅವರ ಹಾಗೆ ಬಲಗೈ ಎತ್ತಿದೆ. ನೀವು ಅದನ್ನು ಬಾಗಿಲ ಮೇಲಿನಿಂದ ನೋಡಿದಿರಿ, ನಾನು ಎದುರಿನಿಂದ ನೋಡಿದೆ. ಇಬ್ಬರೂ ತಪ್ಪು ತಿಳಿದೆವು. ಅಲ್ಲಿ ಕೂತು ಕೈ ಎತ್ತಿದರೆ ಗೊತ್ತಾಗುತ್ತದೆ, ಅದು ತಡೆಯುವ ಕೈಯಲ್ಲ. ಯಾರಾದರೂ ಹಿಡಿದುಕೊಳ್ಳಲಿ ಎಂದು ಎತ್ತಿದ ಕೈ. ನಾನು ತುಂಬ ಹೊತ್ತು ಅತ್ತೆ. ಎಂಟು ಗಂಟೆ ದಾಟಿತು. ಇವತ್ತು ಅವರು ಓದಲಿಲ್ಲ.

ಪ್ರಮಾಣಪತ್ರವನ್ನು ವಾಪಸ್ ಕಳಿಸುತ್ತಿದ್ದೇನೆ. ಅದರಲ್ಲಿ ಬರೆದಿರುವ ಕಾರಣವನ್ನು ತೆಗೆದುಹಾಕಿ. ಅದನ್ನು ತೂಗುಹಾಕಿದ ಗೋಡೆಯ ಕೆಳಗೆ ನಾನು ಕೆಲಸ ಮಾಡಲಾರೆ. ಬೇರೆ ಕಾರಣವಿದ್ದರೆ ಕೊಡಿ. ಇಲ್ಲದಿದ್ದರೆ ನನ್ನ ಹೆಸರು ಹೊಡೆದು ನಕ್ಷೆಗಳನ್ನು ತೆಗೆದುಕೊಂಡು ಹೋಗಿ. ವರ್ಕ್‌ಶಾಪ್ ಹೋದರೆ ಹೋಗಲಿ ಎಂದು ಟರ್ನರ್ ಕೂಡ ಹೇಳಿದ್ದಾರೆ.

ಪ್ರವೇಶ ಪುಸ್ತಕದ ಇಂದಿನ ಪುಟದ ಪ್ರತಿಯನ್ನು ನಿಯಮದಂತೆ ಕಳಿಸಿದ್ದೇನೆ. ಅದರಲ್ಲಿ ತಪ್ಪು ನಮೂದು ಇದೆಯೆಂದು ನಿಮ್ಮವರು ತಿದ್ದುವುದು ಬೇಡ, ನಾನು ಯೋಚಿಸಿಯೇ ಬರೆದಿದ್ದೇನೆ.

ಹೆಸರು: ಸೊಸೆ.
ಒಳಗೆ ಹೋದ ಸಮಯ: ಏಳು ಮುಕ್ಕಾಲು.
ಕಾರಣ: ಮಾವನವರು ಬಿದ್ದಿದ್ದಾರೆ, ಎತ್ತಲು.